ಗೇರ್ ರಾಡ್‌ನಿಂದ ಬೆರಳ ತುದಿಗೆ



ಈ ಸಲದ ಮಾತುಕತೆಗೆ ವಿಷಯ ಒದಗಿಸಿದವರು ನಾವಲ್ಲ, ನಿಮ್ಮಂಥವರೇ. ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಬೇರೊಂದು ಕಾರ್ಯಕ್ರಮದ ಚಿತ್ರೀಕರಣ ಮುಗಿದಿತ್ತು. ನಮ್ಮವರು ಕೇಬಲ್ ಸುತ್ತುತ್ತಿದ್ದರು. ಅಷ್ಟರಲ್ಲಿ ಐವರು ಹುಡುಗರು ನಮ್ಮ ವಾಹನದ ಚಾಲಕರನ್ನು ಸುತ್ತುವರಿದು ತೀರ್ಪು ಕೇಳುತ್ತಿದ್ದರು. ವೇಗಕ್ಕೆಂದೇ ಕಟ್ಟಿದ ಕಾರುಗಳಲ್ಲಿ ಸ್ಟೀರಿಂಗ್ ಚಕ್ರದ ಹಿಂದೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಪಟ್ಟಿ ಇರುತ್ತದೆ. ಬೆರಳಿನಿಂದ ಬಲಗಡೆಯದನ್ನು ಎಳೆದರೆ ಗೇರು ಮೇಲೇರುತ್ತದೆ, ಎಡಗಡೆಯದನ್ನು ಎಳೆದರೆ ಕೆಳಗಿಳಿಯುತ್ತದೆ. ಇದೇ ಪ್ಯಾಡಲ್ ಶಿಫ್ಟರ್. ಇದು ಹೆಚ್ಚೋ, ಕ್ಲಚ್ ತುಳಿದು ಎಡಗೈಯಿಂದ ಹಾಕುವ ಹಳೆಯ ಗೇರ್ ರಾಡ್ ಹೆಚ್ಚೋ? ಮೂವರು ಪ್ಯಾಡಲ್ ಪಕ್ಷ, ಇಬ್ಬರು ರಾಡ್ ಪಕ್ಷ. ಚಾಲಕರು ನಕ್ಕು, "ಮೊದಲು ಪೆಟ್ರೋಲ್ ಹಾಕಿಸೋರು ಯಾರು ಅಂತ ತೀರ್ಮಾನ ಆಗ್ಲಿ" ಎಂದು ಜಾರಿಕೊಂಡರು.

ಆಗ ಮೆಟ್ಟಿಲ ಮೇಲೆ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದಳು: "ಸರ್, ನಮಗಿಂತ ಯಂತ್ರನ ಚೊಲೋ ಗೇರ್ ಹಾಕ್ತೈತಿ ಅಂದಮ್ಯಾಲೆ ನಾವ್ಯಾಕ ಕಲೀಬೇಕ್ರಿ?"

ನಾನು ಏನೋ ಒಂದು ಉತ್ತರ ಕೊಟ್ಟೆ. ಅದು ನನಗೇ ಸಾಲದೆನಿಸಿತು. ಅವಳ ಪ್ರಶ್ನೆ ಕಾರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಲೆಕ್ಕ ಮಾಡುವ, ಬರೆಯುವ, ಚಿತ್ರ ತೆಗೆಯುವ ಎಲ್ಲ ಯಂತ್ರಗಳ ಮುಂದೆಯೂ ಇಂದು ನೀವು ಕೇಳಬೇಕಾದ ಪ್ರಶ್ನೆ. ಉತ್ತರಕ್ಕಾಗಿ ಗೇರಿನ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಹಲಗೆಯ ಪಾಠ

ಗೇರು ಏಕೆ ಬೇಕು ಎಂಬುದನ್ನು ತಿಳಿಯಲು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಲಾರಿಗೆ ಚೀಲ ಏರಿಸುವ ಹಮಾಲರನ್ನು ಗಮನಿಸಿ. ನೆಲದಿಂದ ನೇರವಾಗಿ ಎತ್ತುವ ಬದಲು ಓರೆಯಾಗಿ ಇಟ್ಟ ಹಲಗೆಯ ಮೇಲೆ ನಡೆದು ಏರುತ್ತಾರೆ. ಹಲಗೆ ಉದ್ದವಾದಷ್ಟೂ ನಡೆಯುವ ಹೆಜ್ಜೆ ಹೆಚ್ಚು, ಒಂದೊಂದು ಹೆಜ್ಜೆಗೆ ಬೇಕಾದ ಬಲ ಕಡಿಮೆ. ಒಟ್ಟು ಕೆಲಸ ಅಷ್ಟೇ, ಅದನ್ನು ಹಂಚಿಕೊಂಡ ರೀತಿ ಬೇರೆ. ಮೊದಲನೆಯ ಗೇರು ಎಂದರೆ ಉದ್ದ ಹಲಗೆ, ಐದನೆಯ ಗೇರು ಎಂದರೆ ಗಿಡ್ಡ ಹಲಗೆ.

ಎಂಜಿನ್ನಿಗೂ ಹಮಾಲನ ಹಾಗೆ ಒಂದು ಮಿತಿ ಇದೆ. ಸಾಧಾರಣ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತಿಗಿಂತ ನಿಧಾನವಾದರೆ ನಿಂತೇ ಹೋಗುತ್ತದೆ. 6,000ಕ್ಕಿಂತ ಬಹಳ ಮೇಲೆ ಹೋದರೆ ಕೆಡುತ್ತದೆ. ಕಾರಿನ ಚಕ್ರದ ಸುತ್ತಳತೆ ಸುಮಾರು 1.85 ಮೀಟರ್ ಎಂದುಕೊಂಡರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 270 ಸುತ್ತು ತಿರುಗುತ್ತದೆ. 100 ಕಿ.ಮೀ. ವೇಗದಲ್ಲಿ ಸುಮಾರು 900 ಸುತ್ತು. ನಿಂತಾಗ ಸೊನ್ನೆ. ಎಂಜಿನ್ನಿನ ಈ ಇಕ್ಕಟ್ಟಾದ ವ್ಯಾಪ್ತಿಯನ್ನು ಚಕ್ರದ ಅಗಲವಾದ ವ್ಯಾಪ್ತಿಗೆ ಹೊಂದಿಸುವುದೇ ಗೇರ್‌ಬಾಕ್ಸಿನ ಕೆಲಸ. ಮೊದಲ ಗೇರಿನಲ್ಲಿ ಎಂಜಿನ್ನಿನ ತಿರುಗುಬಲ ಚಕ್ರಕ್ಕೆ ತಲುಪುವಾಗ ಸುಮಾರು 14 ಪಟ್ಟು ಆಗಬಹುದು, ಕೊನೆಯ ಗೇರಿನಲ್ಲಿ ಸುಮಾರು 3 ಪಟ್ಟು ಮಾತ್ರ. ನಿಂತ ಚಕ್ರವನ್ನು ತಿರುಗುವ ಎಂಜಿನ್ನಿಗೆ ಮೆಲ್ಲಗೆ ಜೋಡಿಸುವ, ಬೇಕಾದಾಗ ಬಿಡಿಸುವ ಉಪಾಯವೇ ಕ್ಲಚ್.

ಒರಟು ಹಲ್ಲುಗಳ ಕಾಲ

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಮೋಟಾರು ಗಾಡಿಗೆ ಒಂದೇ ಗೇರು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿ.ಮೀ.ಗೂ ಹೆಚ್ಚು ದೂರ, ಆ ಬಗೆಯ ಗಾಡಿಯನ್ನು ಓಡಿಸಿದಳು. ಏರು ಬಂದಲ್ಲಿ ಇಳಿದು ತಳ್ಳಬೇಕಾಯಿತು. ಏರಿಗೆಂದು ಇನ್ನೊಂದು ಗೇರು ಬೇಕು ಎಂಬ ಅನುಭವದ ಮಾತನ್ನು ಆಕೆ ಗಂಡನಿಗೆ ತಂದು ಮುಟ್ಟಿಸಿದಳು. ಕಾರ್ಖಾನೆಯೊಳಗೆ ಹೊಳೆಯದ ಕೊರತೆ ರಸ್ತೆಯ ಮೇಲೆ ಹೊಳೆಯಿತು.

1891ರ ಹೊತ್ತಿಗೆ ಫ್ರಾನ್ಸಿನ ಎಮಿಲ್ ಲೆವಾಸರ್, ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್, ಅದರ ಹಿಂದೆ ಹಲ್ಲುಚಕ್ರಗಳ ಪೆಟ್ಟಿಗೆ ಎಂಬ ಜೋಡಣೆಯನ್ನು ರೂಪಿಸಿದ. ದಂಡದ ಮೇಲಿನ ಹಲ್ಲುಚಕ್ರಗಳನ್ನು ಜಾರಿಸಿ ಒಂದಕ್ಕೊಂದು ಸಿಕ್ಕಿಸುವುದು ಅವನ ವಿಧಾನ. 1898ರಲ್ಲಿ ಲೂಯಿ ರೆನೋ ಕೊನೆಯ ಗೇರಿನಲ್ಲಿ ಶಕ್ತಿ ನೇರವಾಗಿ ಹರಿಯುವಂತೆ ಮಾಡಿ ಪ್ಯಾರಿಸ್ಸಿನ ಕಡಿದಾದ ಬೀದಿಯೊಂದನ್ನು ಹತ್ತಿ ತೋರಿಸಿದ. ಈಗ ನಾವು ಕಾಣುವ ಹಾಗೆ ರಾಡನ್ನು ಅಡ್ಡಡ್ಡ, ಉದ್ದುದ್ದ ಸರಿಸುವ ಕಿಂಡಿಗಳ ಏರ್ಪಾಡನ್ನು ಜನಪ್ರಿಯಗೊಳಿಸಿದ್ದು 1901ರ ಮರ್ಸಿಡಿಸ್.

ಆದರೆ ಈ ವಿಧಾನಕ್ಕೆ ಒಂದು ಕಾಯಿಲೆ ಇತ್ತು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲುಚಕ್ರಗಳನ್ನು ಒತ್ತಿ ಸೇರಿಸಿದರೆ ಅವು ಕಿರುಚಿ ಒದರುತ್ತವೆ, ಕೆಲವೊಮ್ಮೆ ಹಲ್ಲು ಮುರಿಯುತ್ತವೆ. ಅವೆರಡರ ವೇಗವನ್ನು ಮೊದಲು ಸಮ ಮಾಡಬೇಕು. ಯಾರು ಮಾಡಬೇಕು? ಚಾಲಕನೇ.

ಘಟ್ಟದ ಡಬಲ್ ಕ್ಲಚ್

ಬ್ಯಾಡಗಿ ತಾಲೂಕಿನವರಾದ ನಮ್ಮ ಕಾಕಾ ಇದನ್ನು ಪುಸ್ತಕ ಓದದೆ ಕಲಿತವರು. 1969ರಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದರು. ನಾಲ್ಕು ವರ್ಷದ ಮೇಲೆ ಲೈಸೆನ್ಸ್ ಸಿಕ್ಕಿತು. ಅದರ ಮೇಲೆ ಧಾರವಾಡ ಜಿಲ್ಲೆ ಎಂದಿತ್ತು, ಏಕೆಂದರೆ ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬಿ, ಮೋಟೆಬೆನ್ನೂರಿನ ಬಳಿ ಪುಣೆ–ಬೆಂಗಳೂರು ಹೆದ್ದಾರಿ ಸೇರಿ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ ದಾಟಿ ಮುಂಬಯಿ ಕಡೆಗೆ ಅವರ ಓಡಾಟ. ಹಾವೇರಿಯ ಬಯಲಿನಲ್ಲಿ ಗೇರು ಬದಲಿಸುವ ಕಷ್ಟ ಅಷ್ಟಿಲ್ಲ. ಪರೀಕ್ಷೆ ಶುರುವಾಗುವುದು ನಿಪ್ಪಾಣಿ ಹತ್ತಿರದ ತವನಿಧಿ ಘಟ್ಟದಲ್ಲಿ, ಆಮೇಲೆ ಸಾತಾರಾ ಆಚೆಯ ಖಂಬಾಟಕಿ ಘಟ್ಟದಲ್ಲಿ.

ಏರಿನಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸಬೇಕು ಎನ್ನಿ. ಲಾರಿಯ ವೇಗ ಅಷ್ಟೇ ಇದ್ದರೂ ಕೆಳಗಿನ ಗೇರಿನಲ್ಲಿ ಎಂಜಿನ್ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ, 1,500 ಸುತ್ತು ಇದ್ದದ್ದು 2,200 ಆಗಬೇಕು ಎಂದುಕೊಳ್ಳೋಣ. ಅದಕ್ಕೆ ಕಾಕಾ ಮಾಡುತ್ತಿದ್ದುದು ಹೀಗೆ: ಕ್ಲಚ್ ತುಳಿದು ರಾಡನ್ನು ನ್ಯೂಟ್ರಲ್‌ಗೆ ತರುವುದು, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಎಂಜಿನ್ನಿನ ಜೊತೆಗೆ ಗೇರ್‌ಬಾಕ್ಸಿನ ಒಳದಂಡದ ವೇಗವನ್ನೂ ಏರಿಸುವುದು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಹಾಕುವುದು. ಚಾಲಕರ ಮಾತಿನಲ್ಲಿ ಇದು 'ಡಬಲ್ ಕ್ಲಚ್'. ಇಷ್ಟನ್ನೂ ಲಾರಿ ಏರಿನಲ್ಲಿ ಸೋಲುವ ಮೊದಲೇ ಮುಗಿಸಬೇಕು. ಎಷ್ಟು ಸುತ್ತು ಎಂದು ತೋರಿಸುವ ಮೀಟರು ಅವರ ಮುಂದೆ ಇರಲಿಲ್ಲ. "ಗಾಡಿ ಒದರೂದು ಕೇಳಬೇಕ ತಮ್ಮಾ, ಕೈ ಆಮ್ಯಾಲೆ" ಎನ್ನುತ್ತಿದ್ದರು.

ಅದೇ ಕಾಲಕ್ಕೆ ಯೂರೋಪಿನ ರೇಸ್ ಚಾಲಕರು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ತಿರುವಿಗೆ ಮುಂಚೆ ಬಲಗಾಲಿನ ತುದಿಯಿಂದ ಬ್ರೇಕ್ ತುಳಿಯುತ್ತಲೇ ಅದೇ ಕಾಲಿನ ಹಿಮ್ಮಡಿಯಿಂದ ಆಕ್ಸಿಲರೇಟರನ್ನು ಮುಟ್ಟಿ ಎಂಜಿನ್ನಿನ ವೇಗ ಏರಿಸಿ ಗೇರು ಇಳಿಸುತ್ತಿದ್ದರು. ಮೆಣಸಿನಕಾಯಿ ಲಾರಿಯ ಚಾಲಕ ಮತ್ತು ಫಾರ್ಮುಲಾ 1 ಚಾಲಕ ಒಂದೇ ವಿದ್ಯೆಯ ಇಬ್ಬರು ವಿದ್ಯಾರ್ಥಿಗಳು. ಒಬ್ಬರಿಗೆ ಹೊರೆ, ಇನ್ನೊಬ್ಬರಿಗೆ ಗಡಿಯಾರ, ಅಷ್ಟೇ ವ್ಯತ್ಯಾಸ.

ಯಂತ್ರ ಒಂದೊಂದೇ ಕೆಲಸ ವಹಿಸಿಕೊಂಡದ್ದು

ಕೈಯ ಗೇರಿನಲ್ಲಿ ಚಾಲಕನಿಗೆ ನಾಲ್ಕು ಕೆಲಸಗಳಿವೆ. ಯಾವಾಗ ಬದಲಿಸಬೇಕೆಂದು ನಿರ್ಧರಿಸುವುದು, ಕ್ಲಚ್ ಬಿಡಿಸಿ ಕೂಡಿಸುವುದು, ವೇಗಗಳನ್ನು ಸಮ ಮಾಡುವುದು, ಹಲ್ಲು ಸಿಕ್ಕಿಸುವುದು. ಇಪ್ಪತ್ತನೆಯ ಶತಮಾನದುದ್ದಕ್ಕೂ ಯಂತ್ರ ಇವುಗಳನ್ನು ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಂಡಿತು.

ಮೊದಲು ಹೋದದ್ದು ಮೂರನೆಯದು. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೋಮೆಶ್ ಬಂತು. ಹಲ್ಲು ಸಿಕ್ಕುವ ಮೊದಲು ಎರಡು ಶಂಕುವಿನಾಕಾರದ ಮೈಗಳು ಒಂದಕ್ಕೊಂದು ಉಜ್ಜಿ, ಘರ್ಷಣೆಯಿಂದಲೇ ವೇಗವನ್ನು ಸಮಗೊಳಿಸುತ್ತವೆ. ನಮ್ಮ ದೇಶದಲ್ಲಿ ಬಹುಕಾಲ ಓಡಿದ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ಮೊದಲ ಗೇರಿಗೆ ಈ ಅನುಕೂಲ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲದೆ ಮೊದಲ ಗೇರಿಗೆ ಹಾಕಿದರೆ ಪೆಟ್ಟಿಗೆ ಒದರುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಿಂದ ಮುಂದಿನ ಪೀಳಿಗೆಗೆ ಈ ಕಷ್ಟ ಗೊತ್ತೇ ಇಲ್ಲ.

ಸ್ಟೀರಿಂಗ್ ಬಳಿ ಗೇರು ಎಂಬುದೂ ನಮಗೆ ಹೊಸದಲ್ಲ ಎಂಬುದನ್ನು ನೆನಪಿಡಿ. ಹಳೆಯ ಅಂಬಾಸಿಡರ್, ಫಿಯೆಟ್ ಹಾಗೂ ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ರಾಡು ಇದ್ದದ್ದು ಸ್ಟೀರಿಂಗ್ ಕಂಬದ ಪಕ್ಕದಲ್ಲೇ. ಬಜಾಜ್ ಚೇತಕ್ ಸ್ಕೂಟರಿನಲ್ಲಿ ಎಡಗೈ ಹಿಡಿಯನ್ನೇ ತಿರುಚಿ ಗೇರು ಹಾಕುತ್ತಿದ್ದರು. ನಿಮ್ಮ ತಂದೆಯವರನ್ನು ಕೇಳಿ ನೋಡಿ, ಅವರ ಎಡ ಮಣಿಕಟ್ಟಿಗೆ ಅದು ಇನ್ನೂ ನೆನಪಿರುತ್ತದೆ. ಆದರೆ ಅವೆಲ್ಲ ತಂತಿ, ಸರಳುಗಳ ಮೂಲಕ ಕೈಯ ಬಲವನ್ನೇ ಹಲ್ಲುಗಳಿಗೆ ಮುಟ್ಟಿಸುವ ಏರ್ಪಾಡುಗಳು. ಪ್ಯಾಡಲ್‌ಗೆ ಹತ್ತಿರದ ಹಿರಿಯನೆಂದರೆ ಇಂಗ್ಲೆಂಡಿನ ವಾಲ್ಟರ್ ವಿಲ್ಸನ್‌ನ ಗೇರ್‌ಬಾಕ್ಸ್. 1930ರ ದಶಕದಲ್ಲಿ ಡೈಮ್ಲರ್ ಕಾರುಗಳಲ್ಲೂ ಇ.ಆರ್.ಎ. ರೇಸ್ ಕಾರುಗಳಲ್ಲೂ ಅದು ಇತ್ತು. ಚಾಲಕ ಮುಂದೆ ಬೇಕಾದ ಗೇರನ್ನು ಚಿಕ್ಕ ಸನ್ನೆಯಿಂದ ಮೊದಲೇ ಆರಿಸಿಟ್ಟು, ಬೇಕೆನಿಸಿದ ಕ್ಷಣದಲ್ಲಿ ಪೆಡಲ್ ತುಳಿದರೆ ಸಾಕು.

1939ರ ಅಕ್ಟೋಬರಿನಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸನ್ನು ತಂದಿತು. ಇದರಲ್ಲಿ ನಾಲ್ಕೂ ಕೆಲಸ ಯಂತ್ರದವೇ. ಊರೊಳಗೆ ಓಡಿಸುವವರಿಗೆ ಅದು ವರವಾಯಿತು. ರೇಸ್ ಚಾಲಕರು ಮಾತ್ರ ಅದನ್ನು ದೂರ ಇಟ್ಟರು, ಏಕೆಂದರೆ ಮೊದಲನೆಯ ಕೆಲಸವನ್ನು, ಅಂದರೆ ನಿರ್ಧಾರವನ್ನು, ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಮುಂದಿನ ತಿರುವು ಚಾಲಕನಿಗೆ ಕಾಣುತ್ತದೆ, ಗೇರ್‌ಬಾಕ್ಸಿಗೆ ಕಾಣುವುದಿಲ್ಲ.

ರಿಯೊ ಪಂದ್ಯ, 1989

ನಿರ್ಧಾರ ಮನುಷ್ಯನದು, ಉಳಿದದ್ದು ಯಂತ್ರದ್ದು ಎಂಬ ಒಪ್ಪಂದ ರೇಸಿನ ಅಂಗಳದಲ್ಲಿ ಆದದ್ದು 1989ರ ಮಾರ್ಚ್ 26ರಂದು. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಆ ವರ್ಷದ ಮೊದಲ ಫಾರ್ಮುಲಾ 1 ಪಂದ್ಯ. ಫೆರಾರಿ 640 ಎಂಬ ಹೊಸ ಕಾರಿನ ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್‌ಗಳಿದ್ದವು. ಪ್ಯಾಡಲ್ ಎಂದರೆ ದೋಣಿಯ ಹುಟ್ಟು, ಆಕಾರದಿಂದ ಬಂದ ಹೆಸರು. ಅದನ್ನು ಎಳೆದರೆ ವಿದ್ಯುತ್ ಸಂಕೇತ ಹೋಗಿ, ತೈಲದ ಒತ್ತಡದಿಂದ ಕ್ಲಚ್ಚೂ ಗೇರೂ ತಾವಾಗಿ ಚಲಿಸುತ್ತಿದ್ದವು. ಅಭ್ಯಾಸದಲ್ಲಿ ಕಾರು ಎಷ್ಟು ಸಲ ಕೆಟ್ಟಿತೆಂದರೆ, ಚಾಲಕ ನೈಜೆಲ್ ಮ್ಯಾನ್ಸೆಲ್ ಪಂದ್ಯ ಮುಗಿಯುವವರೆಗೆ ತಾನು ಓಡುವುದಿಲ್ಲವೆಂದು ಬಗೆದು ಊರಿಗೆ ಮರಳಲು ಬೇಗನೆ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದ. ವಿಮಾನ ತಪ್ಪಿತು, ಏಕೆಂದರೆ ಅವನು ಪಂದ್ಯ ಗೆದ್ದ. ಆ ವರ್ಷದ ಮುಂದಿನ ಪಂದ್ಯಗಳಲ್ಲಿ ಅದೇ ಕಾರು ಅನೇಕ ಸಲ ಅರ್ಧದಲ್ಲೇ ನಿಂತಿತು ಎಂಬುದೂ ನಿಜ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇದೆ. ವಿನ್ಯಾಸಕಾರ ಜಾನ್ ಬರ್ನಾರ್ಡ್ ಈ ದಾರಿ ಹಿಡಿಯಲು ವೇಗದ ಗೇರು ಬದಲಾವಣೆ ಒಂದೇ ಕಾರಣವಲ್ಲ. ರಾಡು ಹೋದರೆ ಚಾಲಕನ ಮುಷ್ಟಿಗೆ ಪಕ್ಕದಲ್ಲಿ ಬೇಕಾದ ಜಾಗವೂ, ರಾಡಿನಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಹಾಯಿಸುವ ಸರಳುಗಳೂ ಬೇಡ. ಆಗ ಕಾರಿನ ಮೈಯನ್ನು ಕಿರಿದು ಮಾಡಿ ಗಾಳಿಯನ್ನು ಸುಲಭವಾಗಿ ಸೀಳಬಹುದು. ಗೇರಿನ ಚರಿತ್ರೆಯ ದೊಡ್ಡ ತಿರುವಿಗೆ ಗಾಳಿಯ ವಿಜ್ಞಾನವೂ ಒಂದು ಕಾರಣವಾಯಿತು.

ಸಮಯದ ಲಾಭವೂ ಸಣ್ಣದಲ್ಲ. ಕೈಯಿಂದ ಗೇರು ಬದಲಿಸಲು ಅರ್ಧ ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಂದರೆ ಪ್ರತಿ ಬದಲಾವಣೆಯಲ್ಲೂ ಕಾರು 14 ಮೀಟರ್ ದೂರವನ್ನು ಎಂಜಿನ್ನಿನ ನೆರವಿಲ್ಲದೆ ಕ್ರಮಿಸುತ್ತದೆ. ಯಂತ್ರ ಅದನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ಒಂದೂವರೆ ಮೀಟರೂ ಇಲ್ಲ. ಒಂದು ಪಂದ್ಯದಲ್ಲಿ ಸಾವಿರಾರು ಸಲ ಗೇರು ಬದಲಿಸುವವರಿಗೆ ಈ ಲೆಕ್ಕ ಸಾಕು. 1995ರಲ್ಲಿ ಫೋರ್ಟಿ ಎಂಬ ಚಿಕ್ಕ ತಂಡದ ಕಾರು ಕೈಗೇರಿನ ಕೊನೆಯ ಫಾರ್ಮುಲಾ 1 ಕಾರಾಯಿತು. ಆರು ವರ್ಷಗಳಲ್ಲಿ ಒಂದು ಕೈಚಳಕ ಆ ಅಂಗಳದಿಂದಲೇ ಮರೆಯಾಯಿತು.

ಒಂದೇ ಪ್ಯಾಡಲ್, ಹಿಂದೆ ಹಲವು ಯಂತ್ರ

1997ರಲ್ಲಿ ಫೆರಾರಿ ತನ್ನ ಎಫ್355 ಕಾರಿನ ಮೂಲಕ ಪ್ಯಾಡಲ್‌ಗಳನ್ನು ರಸ್ತೆಗೆ ಇಳಿಸಿತು. ಇಲ್ಲಿಂದ ಮುಂದೆ ಒಂದು ಎಚ್ಚರ ಬೇಕು: ಪ್ಯಾಡಲ್ ಎಂಬುದು ಗೇರ್‌ಬಾಕ್ಸ್ ಅಲ್ಲ, ಅದು ಸ್ವಿಚ್. ಅದರ ಹಿಂದೆ ಇರುವ ಯಂತ್ರ ಯಾವುದು ಎಂಬುದೇ ಮುಖ್ಯ.

ಮೊದಲ ಬಗೆಯಲ್ಲಿ ಇರುವುದು ಸಾಧಾರಣ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ ತುಳಿಯುವ, ರಾಡು ಸರಿಸುವ ಕೆಲಸವನ್ನು ಯಾಂತ್ರಿಕ ಕೈಗಳು ಮಾಡುತ್ತವೆ. ಎರಡನೆಯ ಬಗೆಯಲ್ಲಿ ಎರಡು ಕ್ಲಚ್. ಒಂದು 1, 3, 5ನೆಯ ಗೇರಿಗೆ, ಇನ್ನೊಂದು 2, 4, 6ಕ್ಕೆ. ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಸಿದ್ಧವಾಗಿ ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುವುದರಿಂದ ಶಕ್ತಿಯ ಹರಿವು ಕಡಿಯುವುದೇ ಇಲ್ಲವೆನ್ನಬಹುದು. ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ 1939ರಲ್ಲೇ ಇದನ್ನು ಯೋಚಿಸಿದ್ದ. 1980ರ ದಶಕದಲ್ಲಿ ಪೋರ್ಷೆ ತನ್ನ ರೇಸ್ ಕಾರುಗಳಲ್ಲಿ ಪಳಗಿಸಿತು. 2003ರ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ ಅದು ಕೊಳ್ಳುವವರ ಕೈಗೆ ಬಂತು. ಮೂರನೆಯದು ಕ್ಲಚ್ಚಿನ ಬದಲು ತೈಲದ ಮೂಲಕ ಬಲ ಸಾಗಿಸುವ ಹಳೆಯ ಸ್ವಯಂಚಾಲಿತ ಬಗೆ. ನಾಲ್ಕನೆಯದರಲ್ಲಿ ಹಲ್ಲಿನ ಮೆಟ್ಟಿಲುಗಳೇ ಇಲ್ಲ, ಪಟ್ಟಿ ಮತ್ತು ಹಿಗ್ಗಿ ಕುಗ್ಗುವ ರಾಟೆಗಳಿವೆ. ಅಲ್ಲಿ ಪ್ಯಾಡಲ್ ಎಳೆದಾಗ ಬದಲಾಗುವ 'ಗೇರು' ಕಂಪ್ಯೂಟರು ಕಲ್ಪಿಸಿದ ಮೆಟ್ಟಿಲು. ಈ ಎಲ್ಲ ಬಗೆಗಳಲ್ಲೂ ಕಂಪ್ಯೂಟರು ಕಾವಲಿರುತ್ತದೆ. ಎಂಜಿನ್ ಕೆಡುವಷ್ಟು ಕೆಳಗಿನ ಗೇರನ್ನು ನೀವು ಕೇಳಿದರೆ ಅದು ಕೊಡುವುದಿಲ್ಲ. ಕೈಗೇರು ಕೊಡುತ್ತದೆ. ತಪ್ಪು ಮಾಡುವ ಸ್ವಾತಂತ್ರ್ಯವೂ, ಅದರ ಖರ್ಚೂ ನಿಮ್ಮವೇ.

ನಮ್ಮ ದೇಶದಲ್ಲಿ 2000ರ ದಶಕದ ಕೊನೆಯ ವರ್ಷಗಳಲ್ಲಿ ಹೋಂಡಾ ಕಂಪನಿಯ ಕಾರುಗಳ ಮೂಲಕ ಮಧ್ಯಮ ವರ್ಗ ಪ್ಯಾಡಲ್‌ಗಳನ್ನು ಕಂಡಿತು. 2014ರ ಮಾರುತಿ ಸೆಲೆರಿಯೊದಲ್ಲಿ ಪ್ಯಾಡಲ್ ಇರಲಿಲ್ಲ, ಆದರೆ ಕೈಗೇರಿನ ಪೆಟ್ಟಿಗೆಯನ್ನು ಯಾಂತ್ರಿಕ ಕೈಗಳಿಂದ ನಡೆಸುವ ಮೊದಲ ಬಗೆಯ ತಂತ್ರ ಅಗ್ಗದ ದರದಲ್ಲಿ ಬಂತು. ಅದರ ಬಿಡಿಭಾಗ ಒದಗಿಸಿದ ಮ್ಯಾಗ್ನೆಟಿ ಮರೆಲ್ಲಿ, 1989ರ ಆ ಫೆರಾರಿಯ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ಕೈಜೋಡಿಸಿದ್ದ ಇಟಲಿಯ ಸಂಸ್ಥೆಯೇ. ರಿಯೊದಲ್ಲಿ ಹುಟ್ಟಿದ ವಿದ್ಯೆ ಇಪ್ಪತ್ತೈದು ವರ್ಷಗಳಲ್ಲಿ ಹಾವೇರಿಯ ರಸ್ತೆಗೂ ತಲುಪಿತು.

ಮರಳಿ ಬಂದ ರಾಡು

ಹಾಗಾದರೆ ತೀರ್ಪು ಆಯಿತಲ್ಲ, ಪ್ಯಾಡಲ್ ಗೆದ್ದಿತು ಎನ್ನುವಿರಿ. ಗಡಿಯಾರದ ಮುಂದೆ ಹೌದು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ.

2013ರಲ್ಲಿ ಪೋರ್ಷೆ ಕಂಪನಿ ತನ್ನ 911 ಜಿಟಿ3 ಕಾರನ್ನು ಪ್ಯಾಡಲ್‌ನೊಂದಿಗೆ ಮಾತ್ರ ಬಿಡುಗಡೆ ಮಾಡಿತು. ಕಾರು ಹಿಂದಿನದಕ್ಕಿಂತ ವೇಗವಾಗಿತ್ತು, ಆದರೂ ಹಳೆಯ ಅಭಿಮಾನಿಗಳು ಗೊಣಗಿದರು. 2016ರಲ್ಲಿ ಕಂಪನಿ 911 ಆರ್ ಎಂಬ ಕೈಗೇರಿನ ಕಾರನ್ನು 991 ಸಂಖ್ಯೆಯಲ್ಲಿ ಮಾತ್ರ ತಯಾರಿಸಿತು. ಅದಕ್ಕೆ ಬಂದ ಬೇಡಿಕೆ ಕಂಡ ಮೇಲೆ 2017ರ ಜಿಟಿ3 ಕಾರಿಗೆ ಕೈಗೇರು ಮರಳಿತು. ನಮ್ಮಲ್ಲೂ ಹಾಗೆಯೇ. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್‌ನಲ್ಲಿ ಪ್ಯಾಡಲ್ ಇರುವ ಎರಡು ಕ್ಲಚ್ಚಿನ ಬಗೆಯೂ, ರಾಡು ಇದ್ದು ಕ್ಲಚ್ ಪೆಡಲ್ ಇಲ್ಲದ ಇನ್ನೊಂದು ಬಗೆಯೂ ಇದ್ದವು. 2023ರಲ್ಲಿ ಆ ಎರಡನೆಯದನ್ನು ತೆಗೆದು ಕ್ಲಚ್ ತುಳಿಯುವ ಪೂರ್ಣ ಕೈಗೇರನ್ನೇ ತಂದರು. ಅದೇ ವರ್ಷ ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಕಾರಿಗೂ ಕೈಗೇರು ಸೇರಿತು.

ನಿಧಾನವೆಂದು ಗೊತ್ತಿದ್ದೂ ಜನ ಅದನ್ನು ಏಕೆ ಕೇಳಿದರು? ಜೋಳದ ರೊಟ್ಟಿಯನ್ನು ನೋಡಿ. ಈಗ ರೊಟ್ಟಿ ಮಾಡುವ ಯಂತ್ರಗಳಿವೆ. ದುಂಡಗೆ, ಒಂದೇ ದಪ್ಪಕ್ಕೆ, ಬೇಗ ಮಾಡುತ್ತವೆ. ಆದರೂ ಕೈಯಲ್ಲಿ ಬಡಿಯಬಲ್ಲವರಿಗೆ ಹಿಟ್ಟು ಎಷ್ಟು ಹದಕ್ಕೆ ಬಂದಿದೆ ಎಂಬುದು ಅಂಗೈಗೆ ತಿಳಿಯುತ್ತದೆ. ಕೈಗೇರಿನವರು ಬಯಸಿದ್ದು ಆ ತಿಳಿವಳಿಕೆಯನ್ನು. ಎಂಜಿನ್ ಏನು ಹೇಳುತ್ತಿದೆ ಎಂದು ಕೇಳಿ, ಕೈಕಾಲುಗಳಿಂದ ಉತ್ತರ ಕೊಟ್ಟು, ಉತ್ತರ ಸರಿಯಾದಾಗ ಆಗುವ ಆನಂದ.

ಆದರೆ ರೊಟ್ಟಿ ಬಡಿಯುವವರ ಬೆನ್ನುನೋವನ್ನು ಕೇಳದೆ ಕೈರೊಟ್ಟಿಯನ್ನು ಹೊಗಳುವುದು ನ್ಯಾಯವಲ್ಲ. ಗೇರಿನ ವಿಷಯದಲ್ಲೂ ಹಾಗೆಯೇ.

ಮೊಣಕಾಲಿನ ಸಾಕ್ಷಿ

ನಮ್ಮ ಕಾಕಾ ಮೂವತ್ತಕ್ಕೂ ಹೆಚ್ಚು ವರ್ಷ ಲಾರಿ ಓಡಿಸಿದರು. ಗಟ್ಟಿ ಕ್ಲಚ್ಚನ್ನು ದಿನಕ್ಕೆ ನೂರಾರು ಸಲ ತುಳಿದ ಎಡಗಾಲು ಕೊನೆಗೆ ಮಡಚಲು ಒಲ್ಲೆನೆಂದಿತು. ಶಸ್ತ್ರಚಿಕಿತ್ಸೆ ಆಯಿತು. ಎಲ್ಲಕ್ಕೂ ಕ್ಲಚ್ಚೇ ಕಾರಣವೆಂದು ನಾನು ಹೇಳಲಾರೆ, ವಯಸ್ಸೂ ಇತ್ತು. ಆದರೆ ಅಂದಿನಿಂದ ಅವರು ಯಾವ ಗಾಡಿಯನ್ನೂ ಓಡಿಸಿರಲಿಲ್ಲ. ಕೈಗೇರಿನ ಆನಂದದ ಬಗ್ಗೆ ಬರೆಯುವವರು ಹೆಚ್ಚಾಗಿ ಭಾನುವಾರ ಓಡಿಸುವವರು. ಕೈಗೇರಿನಿಂದ ಹೊಟ್ಟೆ ಹೊರೆದವರ ಮೊಣಕಾಲನ್ನೂ ಚರಿತ್ರೆಯಲ್ಲಿ ಸೇರಿಸಬೇಕು. ಎಡಗಾಲಿನ ಶಕ್ತಿ ಕಳೆದುಕೊಂಡವರಿಗೆ ಎರಡು ಪೆಡಲ್‌ನ ಕಾರು ಸೋಮಾರಿತನವಲ್ಲ, ಮನೆಯಿಂದ ಹೊರಗೆ ಬರುವ ದಾರಿ.

ಇನ್ನೊಂದು ಕಡೆಯನ್ನೂ ನೋಡಿ. 1988ರ ನಮ್ಮ ಮೋಟಾರು ವಾಹನ ಕಾಯ್ದೆ 'ಗೇರ್ ಇಲ್ಲದ ಮೋಟಾರ್ ಸೈಕಲ್', 'ಗೇರ್ ಇರುವ ಮೋಟಾರ್ ಸೈಕಲ್' ಎಂದು ಲೈಸೆನ್ಸಿನಲ್ಲಿ ಎರಡು ವರ್ಗ ಮಾಡಿದೆ. ಕಾರಿನ ಲೈಸೆನ್ಸಿಗೆ ಅಂಥ ಭೇದ ಇಲ್ಲ. ಬ್ರಿಟನ್ನಿನಲ್ಲಿ ಸ್ವಯಂಚಾಲಿತ ಕಾರಿನಲ್ಲಿ ಪರೀಕ್ಷೆ ಕೊಟ್ಟವರು ಕೈಗೇರಿನ ಕಾರು ಓಡಿಸುವಂತಿಲ್ಲ. ನಮ್ಮಲ್ಲಿ ಕ್ಲಚ್ಚನ್ನು ಎಂದೂ ತುಳಿಯದವರೂ ಕಾನೂನಿನ ಪ್ರಕಾರ ನಾಳೆ ಬೆಳಿಗ್ಗೆ ಕೈಗೇರಿನ ಕಾರಿನಲ್ಲಿ ಘಟ್ಟ ಹತ್ತಬಹುದು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುವಾಗ ಕಾಯ್ದೆಯ ಪುಸ್ತಕ ಹಿಡಿದು ನಿಲ್ಲಿಸುವುದಿಲ್ಲ. ಇದು ನಿಮ್ಮ ಪ್ರಾಣದ ಪ್ರಶ್ನೆ. ರಸ್ತೆಯಲ್ಲಿ ಇನ್ನೊಬ್ಬರ ಪ್ರಾಣದ ಪ್ರಶ್ನೆಯೂ ಹೌದು.

ವಿದ್ಯುತ್ ಕಾರುಗಳು ಬಂದ ಮೇಲೆ ವಾದವೇ ಬೇರೆ ದಿಕ್ಕಿಗೆ ಹೊರಳಿದೆ. ವಿದ್ಯುತ್ ಮೋಟಾರು ಸೊನ್ನೆ ಸುತ್ತಿನಿಂದಲೇ ಪೂರ್ಣ ತಿರುಗುಬಲ ಕೊಡುವುದರಿಂದ ಬಹುತೇಕ ವಿದ್ಯುತ್ ಕಾರುಗಳಿಗೆ ಒಂದೇ ಗೇರು, ಬೆಂಜ್‌ನ ಮೊದಲ ಗಾಡಿಯ ಹಾಗೆ. 2023ರಲ್ಲಿ ಹೊಸ ರೂಪದಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನಲ್ಲಿ ಪ್ಯಾಡಲ್‌ಗಳಿವೆ, ಗೇರಿಗಾಗಿ ಅಲ್ಲ, ಇಳಿಜಾರಿನಲ್ಲಿ ಮೋಟಾರಿನಿಂದಲೇ ವೇಗ ತಗ್ಗಿಸಿ ಬ್ಯಾಟರಿಗೆ ಶಕ್ತಿ ಮರಳಿಸುವ ಪ್ರಮಾಣವನ್ನು ಬದಲಿಸಲು. ಅದೇ ವರ್ಷದ ಹ್ಯುಂಡೈ ಅಯಾನಿಕ್ 5 ಎನ್ ಇನ್ನೂ ಮುಂದೆ ಹೋಗಿ, ಇಲ್ಲದ ಗೇರುಗಳ ಎಳೆತವನ್ನೂ ಸದ್ದನ್ನೂ ಪ್ಯಾಡಲ್‌ಗೆ ಉತ್ತರವಾಗಿ ಹುಟ್ಟಿಸುತ್ತದೆ. ಗೇರು ಹೋದ ಮೇಲೂ ಗೇರಿನ ನೆನಪು ಬೇಕಾಗಿದೆ ಎಂದಾಯಿತು.

ಪ್ರಶ್ನೆಗೆ ಮರಳಿ

ಈ ಸಂಚಿಕೆಯ ಚಿತ್ರೀಕರಣಕ್ಕೆ ಪ್ಯಾಡಲ್ ಇರುವ ಒಂದು ಬಾಡಿಗೆ ಕಾರನ್ನು ಮೋಟೆಬೆನ್ನೂರಿಗೆ ತರಿಸಿದ್ದೆವು. ಹೆದ್ದಾರಿಯ ಪಕ್ಕದ ಖಾಲಿ ಜಾಗದಲ್ಲಿ ಕಾಕಾ ಅವರನ್ನು ಕೂರಿಸಿದೆವು. ಲೈಸೆನ್ಸ್ ಚಾಲ್ತಿಯಲ್ಲಿ ಇಲ್ಲವಾದ್ದರಿಂದ ರಸ್ತೆಗೆ ಇಳಿಯಲು ಅವರೇ ಒಪ್ಪಲಿಲ್ಲ. ಎರಡು ಸುತ್ತು ಹಾಕಿದರು. ಎಡಗೈ ಎರಡು ಮೂರು ಸಲ ಪಕ್ಕದಲ್ಲಿ ರಾಡು ಹುಡುಕಿ ಬರಿಗೈಯಲ್ಲಿ ಮರಳಿತು. ಮೂರನೆಯ ಸುತ್ತಿನಲ್ಲಿ ತಿರುವಿಗೆ ಮುಂಚೆ ಎಡಗಡೆಯ ಪ್ಯಾಡಲನ್ನು ಬೆರಳಿನಿಂದ ಎಳೆದರು. ಎಂಜಿನ್ನಿನ ದನಿ ಏರಿ, ಕಾರು ಮೆಲ್ಲಗೆ ತಿರುಗಿತು. ಡಬಲ್ ಕ್ಲಚ್ಚಿನ ಆ ಒತ್ತನ್ನು ಈಗ ಕಂಪ್ಯೂಟರು ಕೊಟ್ಟಿತ್ತು. ಯಾವಾಗ ಕೊಡಬೇಕೆಂದು ಹೇಳಿದವರು ಮಾತ್ರ ಕಾಕಾ. ಇಳಿದ ಮೇಲೆ, "ಚೊಲೋ ಐತಿ. ಕಾಲಿಗೆ ಏನೂ ಕೇಳಲಿಲ್ಲ ನೋಡು" ಎಂದರು. ಆ ಮಾತಿನಲ್ಲಿ ಹೊಗಳಿಕೆಯೂ ಇತ್ತು, ಸ್ವಲ್ಪ ಕೊರತೆಯೂ ಇತ್ತು ಎಂದು ನನಗನಿಸಿತು.

ರಾಣೆಬೆನ್ನೂರಿನ ವಿದ್ಯಾರ್ಥಿನಿಗೆ ಈಗ ಹೀಗೆ ಹೇಳಬಲ್ಲೆ. ಗೇರು ಹಾಕುವುದನ್ನು ಯಂತ್ರ ನಿನಗಿಂತ ಚೆನ್ನಾಗಿ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ, ಬೇಕಾದಾಗ ಅದರ ಕೈಯಲ್ಲಿ ಕೊಡು. ಆದರೆ ಯಾವಾಗ ಹಾಕಬೇಕು ಎಂಬುದನ್ನು ಕೈಯಲ್ಲಿ ಒಮ್ಮೆ ಕಲಿತವರಿಗೆ ಪ್ಯಾಡಲ್ ಒಂದು ಒಳ್ಳೆಯ ಉಪಕರಣ. ಕಲಿಯದವರಿಗೆ ಅದು ಬರೀ ಸ್ವಿಚ್.

ಕಾರ್ಯಕ್ರಮ ನೋಡುವಾಗ ನೀವೊಂದು ಪ್ರಯೋಗ ಮಾಡಿ. ಮಾತುಕತೆಯ ನಡುವೆ ಕಾಕಾ ಕಟ್ಟೆಯ ಮೇಲೆ ಕುಳಿತಿರುವ ದೃಶ್ಯವೊಂದಿದೆ. ಹಿಂದಿನ ಸಣ್ಣ ಏರಿನಲ್ಲಿ ಡ್ರೈವಿಂಗ್ ಕಲಿಯುತ್ತಿರುವ ಯಾರದೋ ಕಾರು ತಡವರಿಸುತ್ತದೆ. ಅದು ಚಿತ್ರದಲ್ಲಿ ಕಾಣುವುದಿಲ್ಲ, ಕಾಕಾ ಸಹ ತಿರುಗಿ ನೋಡುವುದಿಲ್ಲ. ಸದ್ದು ಕೇಳಿಯೇ ಮಾತು ನಿಲ್ಲಿಸಿ, "ಮೂರರಾಗ ಎಳಸಾಕತ್ತಾನ. ಎರಡಕ್ಕ ಇಳಸೋ ತಮ್ಮಾ" ಎನ್ನುತ್ತಾರೆ. ಆ ಭಾಗ ಬಂದಾಗ ಟಿ.ವಿ.ಯ ದನಿ ಸ್ವಲ್ಪ ಹೆಚ್ಚಿಸಿ ಕಣ್ಣು ಮುಚ್ಚಿಕೊಳ್ಳಿ. ಅವರು ಹೇಳುವುದಕ್ಕಿಂತ ಮೊದಲೇ ನಿಮಗೆ ಗೊತ್ತಾಗುತ್ತದೆಯೇ ನೋಡಿ.